ಮೊಬೈಲಿಗೆ ಹಾಕಿದ ಮಗನ ವೇಷ

ಬೋರಗಾಂವದ ನೇಕಾರರ ಸಂಘದ ಮ್ಯಾನೇಜರ್ ದಾದಾಸಾಹೇಬರು ಅಂದು ಸಂಜೆ ನಿವೃತ್ತರಾಗಲಿದ್ದರು. ಹದಿನೆಂಟು ವರ್ಷ ಗುಮಾಸ್ತನಾಗಿಯೇ ಸವೆದ ಸಮಾಧಾನನಿಗೆ ಆ ಕುರ್ಚಿ ಸಿಗುವುದು ಖಾತ್ರಿಯಾಗಿತ್ತು. ಆದರೆ ಬೀಳ್ಕೊಡುಗೆ ಭಾಷಣ ಅವನ ಕೊರಳಿಗೇ ಬಿದ್ದಿತ್ತು. ನಾಲ್ಕು ಜನರ ಮುಂದೆ ನಿಂತರೆ ಪಾಪ, ಅವನ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು.

ಮೊಬೈಲಿನ ಎಐಗೆ ಬರೆದುಕೊಡು ಎಂದ. ಬಂದದ್ದು ರೇಷನ್ ಕಾರ್ಡಿನ ಅರ್ಜಿಯ ಹಾಗಿತ್ತು. ನೂಲು ತೂಗುವ ಮಲಕಾರಿ ಬಗ್ಗಿ ನೋಡಿ ನಕ್ಕ. “ಮೊದಲ ಅದಕ್ಕೊಂದು ವೇಷಾ ಹಾಕೋ ಮಾರಾಯಾ. ನೀ ಇಂಥಾವ ಅಂತ ಹೇಳು, ಆಮ್ಯಾಲ ಕೇಳು.”

ಇಬ್ಬರೂ ಸೇರಿ ಅದನ್ನು ಪುಢಾರಿ ಮಾಡಿದರು. ಅದು ದಾದಾಸಾಹೇಬರನ್ನು ಪಕ್ಕಕ್ಕಿಟ್ಟು, ಗೆಲ್ಲಿಸಿದರೆ ಎರಡು ರಸ್ತೆ ಮಾಡಿಸುತ್ತೇನೆ ಎಂದಿತು. ಕೀರ್ತನಕಾರ ಮಾಡಿದರೆ, ಈ ದೇಹ ನಶ್ವರ, ಎಲ್ಲರೂ ಒಂದು ದಿನ ಹೋಗುವವರೇ ಎಂದು ಹಚ್ಚಿಕೊಂಡಿತು. ಬದುಕಿರುವ ಮನುಷ್ಯನ ತಲೆಗೆ ಸನ್ಮಾನದ ಫೇಟಾ ಸುತ್ತುವ ಹೊತ್ತಿನಲ್ಲಿ ಓದುವ ಮಾತೇ ಇದು? ಸಮಾಧಾನ ಬೆವರಿದ.

ಅಷ್ಟರಲ್ಲಿ ದಾದಾಸಾಹೇಬರ ಹೆಂಡತಿ ತುಳಸವ್ವ ಗಂಡನಿಗೆ ಬುತ್ತಿ ಹಿಡಿದು ಬಂದರು. ಇವನ ಫಜೀತಿಯನ್ನೆಲ್ಲ ಕೇಳಿ ಮೆಲ್ಲಗೆ ಹೇಳಿದರು: “ಅದಕ್ಕ ಅವರ ಮಗಾ ಆಗಂತ ಹೇಳು ತಮ್ಮಾ. ಮಗನ ಮಾತು ಎದಿಗೆ ನಾಟತಾವ.”

ಹಾಗೇ ಹೇಳಿದ. ಈ ಸಲ ಬಂದದ್ದನ್ನು ಓದಿ ಮಲಕಾರಿಯೂ ಮೂಗು ಒರೆಸಿಕೊಂಡ. ಸಮಾಧಾನನಿಗೆ ಹೋದ ಜೀವ ಬಂದಂತಾಯಿತು.

ಸಂಜೆ ಒಂದಕ್ಷರ ತಡವರಿಸದೆ ಓದಿದ. ‘ಅಪ್ಪಾ, ನೀವಿಲ್ಲದ ಮನೆಯೊಳಗೆ ನಾನು ಹೇಗೆ ಕಾಲಿಡಲಿ?’ ಎಂಬಲ್ಲಿಗೆ ಬರುವಷ್ಟರಲ್ಲಿ ನೇಕಾರರೆಲ್ಲ ಟೋಪಿ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ದಾದಾಸಾಹೇಬರು ಎದ್ದು ನಿಂತು, ಈಗಷ್ಟೇ ಸುತ್ತಿದ್ದ ಫೇಟಾವನ್ನು ತೆಗೆದು ಮೇಜಿನ ಮೇಲಿಟ್ಟರು.

“ಇಷ್ಟ ಪ್ರೀತಿ ಬಿಟ್ಟು ನಾ ಹ್ಯಾಂಗ ಹೋಗ್ಲ್ಯೋ ಮಗನ?”

ಸಂಘದ ಅಧ್ಯಕ್ಷರು ಅಲ್ಲೇ ಸಭೆಯ ಅಭಿಪ್ರಾಯ ಕೇಳಿದರು. ಎಲ್ಲರೂ ಕೈ ಎತ್ತಿದರು. ಇನ್ನೆರಡು ವರ್ಷ ದಾದಾಸಾಹೇಬರೇ ಮ್ಯಾನೇಜರ್ ಎಂದಾಯಿತು. ಅಪ್ಪಾ ಎಂದು ಕರೆದವನೇ ಕೈ ಇಳಿಬಿಟ್ಟು ನಿಂತರೆ ಹೇಗೆ? ಸಮಾಧಾನನೂ ಎತ್ತಿದ. ಭಾಷಣದ ಕಾಗದ ಆ ಕೈಯಲ್ಲೇ ಇತ್ತು.

ಹೊರಗೆ ತುಳಸವ್ವ ಪೇಡೆ ಹಂಚುತ್ತಿದ್ದರು. ಬುತ್ತಿ ಕೊಟ್ಟು ಹೋದ ಕೂಡಲೇ ನಿಪ್ಪಾಣಿಯಿಂದ ತರಿಸಿಟ್ಟ ಪೇಡೆ. ಸಮಾಧಾನನನ್ನು ಕಂಡು ದೊಡ್ಡದೊಂದು ಉಸಿರು ಬಿಟ್ಟರು.

“ದಿನಾ ಮನ್ಯಾಗ ಕುಂತು, ಒಲಿ ಮುಂದ ಬಂದು ಉಪ್ಪೆಷ್ಟ ಖಾರೆಷ್ಟ ಅಂತ ಲೆಕ್ಕಾ ಕೇಳ್ತಾರಂತ ಆರು ತಿಂಗಳಿಂದ ನನಗ ನಿದ್ದಿ ಇದ್ದಿಲ್ಲ. ಉಳಿಸಿದಿ ನೋಡು.” ಅವನ ಅಂಗೈಗೆ ಎರಡು ಪೇಡೆ ಇಟ್ಟರು. “ಎರಡ ವರ್ಷ ಆದ ಮ್ಯಾಲ ಮತ್ತ ನೀನ ಭಾಷಣಾ ಮಾಡು ತಮ್ಮಾ. ವೇಷಾ ಮಾತ್ರ ಬದಲ ಮಾಡಬ್ಯಾಡ.”