ಅತ್ತೆಯ ಲಾಲಿಯೂ ನನ್ನ ಎಂಪಿತ್ರೀ ಬಹಿಷ್ಕಾರವೂ

ಇನ್ನು ಮುಂದೆ ನಮ್ಮ ಮನೆಯಲ್ಲಿ ಎಂಪಿತ್ರೀ ಎಂಬ ಅಪಭ್ರಂಶಕ್ಕೆ ಪ್ರವೇಶವಿಲ್ಲ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ಬಿಡುವವನೇ! ಹಾಡಿನ ಫೈಲು ಚಿಕ್ಕದಾಗಲೆಂದು, ಜೋರು ಸದ್ದಿನ ಅಡಿಯಲ್ಲಿ ಅಡಗಿದ ಮೆಲು ಸದ್ದುಗಳನ್ನು ಎಂಪಿತ್ರೀ ಗುಟ್ಟಾಗಿ ಕಿತ್ತೆಸೆಯುತ್ತದೆ, ಮಾಮೂಲಿ ಕಿವಿಗೆ ಅದು ತಿಳಿಯುವುದಿಲ್ಲ, ಆದರೆ ನನ್ನದು ಮಾಮೂಲಿ ಕಿವಿಯಲ್ಲ ಎಂದು ವಿವರಿಸಿದೆ. ಅದು ತನಗೂ ಗೊತ್ತು, ಕುಕ್ಕರ್ ಕೂಗಿದ್ದು ಆ ಕಿವಿಗೆ ಈವರೆಗೆ ಕೇಳಿಸಿಯೇ ಇಲ್ಲ ಎಂದಳು.

ನನ್ನ ಪಾಂಡಿತ್ಯಕ್ಕೆ ಕೆಲಸ ಕೊಟ್ಟವಳು ನಾದಿನಿ. ದೂರದ ಊರಿನಲ್ಲಿರುವ ಅವಳ ಕೂಸು ಮಲಗಲೊಲ್ಲದು. ಅಮ್ಮನ ಲಾಲಿ ಕಳಿಸಿಕೊಡಿ, ಗಂಡ ಹೆಂಡತಿ ಇಬ್ಬರೂ ನಿದ್ದೆಗೆಟ್ಟು ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದೇವೆ ಎಂದು ಗೋಗರೆದಳು. ನಮ್ಮೊಡನೆಯೇ ಇರುವ ಅತ್ತೆ ಅಡುಗೆಮನೆಯಲ್ಲಿ ನಿಂತಲ್ಲೇ ಮೊಬೈಲಿಗೆ ಹಾಡಿಬಿಟ್ಟರು. ಕಳಿಸುವಷ್ಟರಲ್ಲಿ ನಾನು ಅಡ್ಡ ಬಂದೆ. ನೋಡಿದರೆ ಎಂಪಿತ್ರೀ! ಕಂಪ್ಯೂಟರಿಗೆ ಹಾಕಿ ಅದನ್ನು ಯಾವ ಸದ್ದನ್ನೂ ಎಸೆಯದ ವೇವ್ ಎಂಬ ಘನ ಫೈಲಾಗಿ ಬದಲಿಸಿದೆ. ಗಾತ್ರ ಪೈಲ್ವಾನನಂತೆ ಉಬ್ಬಿತು. ಕಳೆದುಹೋದ ನಾದವೆಲ್ಲ ಮರಳಿ ಬಂತೆಂದು ಬೀಗಿದೆ.

ಶಾಲೆಯಲ್ಲಿ ವಿಜ್ಞಾನ ಕಲಿಸುವ ಹೆಂಡತಿ ಶಾಂತವಾಗಿ ಕೇಳಿದಳು: “ನೀರು ಹಾಕಿದ ಹಾಲನ್ನ ದೊಡ್ಡ ಪಾತ್ರೆಗೆ ಸುರಿದ್ರೆ ಹಾಲು ಗಟ್ಟಿ ಆಗುತ್ತಾ?”

ಆಗುವುದಿಲ್ಲ. ಎಸೆದದ್ದು ಎಸೆದದ್ದೇ. ಹಾಗಾದರೆ ಮೂಲದಲ್ಲೇ ಶುದ್ಧವಾಗಿ ಧ್ವನಿಮುದ್ರಿಸಬೇಕು!

ಆಫೀಸಿನ ಗೆಳೆಯನಿಂದ ಮೈಕ್ ಎರವಲು ತಂದೆ. ಬೆಳಗ್ಗೆಯೇ ಮಲಗುವ ಕೋಣೆಯ ಕಿಟಕಿಗೆ ಕಂಬಳಿ, ಬಾಗಿಲಿಗೆ ರಜಾಯಿ ಹೊದಿಸಿದೆ. ಫ್ಯಾನ್ ಬಂದ್. ಗಡಿಯಾರದ ಬ್ಯಾಟರಿ ಕಿತ್ತೆ. ಗುಂಯ್‌ಗುಡುವ ಫ್ರಿಜ್ಜಿನ ಬಾಯಿ ಮುಚ್ಚಿಸಿದೆ. ಹೆಂಡತಿ ರಜಾಯಿ ಜಾರದಂತೆ ಹಿಡಿದು ನಿಂತಳು. ಹಾಡುವುದೋ ಬೇಯುವುದೋ ಎಂದು ಗೊಣಗುತ್ತಲೇ ಅತ್ತೆ ಹಾಡಿದರು. ಹೆಂಡತಿ ನಿಂತ ಗಡಿಯಾರವನ್ನು ನಂಬಿ ಶಾಲೆಗೆ ತಡವಾಗಿ ಹೋಗಿ ಮುಖ್ಯೋಪಾಧ್ಯಾಯರಿಂದ ಉಗಿಸಿಕೊಂಡಳು. ಮತ್ತೆ ಚಾಲು ಮಾಡಲು ನಾನು ಮರೆತ ಫ್ರಿಜ್ಜು ಅಡುಗೆಮನೆಯಲ್ಲಿ ಕೆರೆ ಕಟ್ಟಿತು. ನಾನು ಮಾತ್ರ ಹೊಸ ವೇವ್ ಫೈಲಿನ ಮುಂದೆ ಮಹಾರಾಜನಂತೆ ಕುಳಿತಿದ್ದೆ. ಒಮ್ಮೆಯಾದರೂ ಕೇಳಿ ನೋಡಿದೆನೇ? ಇಲ್ಲ. ಗಾತ್ರ ನೋಡಿದೆ, ಅಷ್ಟೇ ಸಾಕಾಯಿತು.

ಇಷ್ಟು ಭಾರ ತನ್ನಿಂದಾಗದು ಎಂದು ಮೊಬೈಲು ಕೈಚೆಲ್ಲಿತು. ಕಂಪ್ಯೂಟರಿನಿಂದ ಇಂಟರ್ನೆಟ್ಟಿಗೆ ಏರಿಸಿ, ನಾದಿನಿ ಅಲ್ಲಿಂದ ಇಳಿಸಿಕೊಳ್ಳುವ ಹೊತ್ತಿಗೆ ಮರುದಿನ ಸಂಜೆಯಾಯಿತು. ಕೊನೆಗೆ ಅವಳ ಫೋನ್ ಬಂತು. ಹೊಗಳಿಕೆ ಎಲ್ಲರ ಕಿವಿಗೂ ಬೀಳಲೆಂದು ನಾನೇ ಸ್ಪೀಕರ್ ಹಾಕಿದೆ.

“ಭಾವ, ಎಷ್ಟು ಸ್ಪಷ್ಟವಾಗಿದೆ ಅಂದ್ರೆ ಅಮ್ಮನ ಬಳೆ ಸದ್ದೂ ಕೇಳಿಸುತ್ತೆ,” ಎಂದಳು. ನನ್ನ ಎದೆ ಉಬ್ಬಿತು. “ಹಾಡಿನ ಮಧ್ಯೆ ನೀವು ಅಕ್ಕನ ಕಿವೀಲಿ ಪಿಸುಗುಟ್ಟಿದ್ದೂ ಕೇಳಿಸುತ್ತೆ. ‘ಇದನ್ನ ಕೇಳಿದ್ರೆ ಮಗು ಮಲಗೋದಲ್ಲ, ತೊಟ್ಟಿಲು ಬಿಟ್ಟು ಓಡುತ್ತೆ’ ಅಂತ.”

ಉಬ್ಬಿದ ಎದೆ ಅಲ್ಲೇ ಪಂಕ್ಚರಾಯಿತು. ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಹೆಣ್ಣುಮಕ್ಕಳಿಬ್ಬರನ್ನೂ ಅದೇ ಹಾಡಿನಲ್ಲಿ ಮಲಗಿಸಿದವರು. ಅವರ ಮುಖ ಸಣ್ಣದಾದದ್ದು ಕಂಡು ನನಗೆ ನಿಜಕ್ಕೂ ನಾಚಿಕೆಯಾಯಿತು. ತಪ್ಪಾಯಿತು ಎಂದೆ. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಅದು ಮೈಕಿನ ಪರೀಕ್ಷೆಗಾಗಿ ಆಡಿದ ಮಾತು ಎಂದು ಸೇರಿಸಿ ಇನ್ನಷ್ಟು ಕೆಡಿಸಿಕೊಂಡೆ. ಹೆಂಡತಿ ನನ್ನತ್ತ ನೋಡಿದ ನೋಟಕ್ಕೆ, ಕರಗಿದ ಫ್ರಿಜ್ಜು ಮತ್ತೆ ಹೆಪ್ಪುಗಟ್ಟಬಹುದಿತ್ತು.

ಅದಿರಲಿ, ಮಗು ಮಲಗಿತೇ ಎಂದು ಅತ್ತೆ ಮೆಲ್ಲಗೆ ಕೇಳಿದರು.

“ಹಾಯಾಗಿ ಮಲಗ್ತಮ್ಮ. ಆದ್ರೆ ನಿನ್ನ ಹಾಡು ಬರೋ ತನಕ ಎಚ್ಚರ ಇರಲೇ ಇಲ್ಲ. ಆಮೇಲೆ ನಾನೊಬ್ಬಳೇ ಕೂತು ಹಾಡು ಕೇಳಿದೆ. ಹಾಡಿಗೆ ಮುಂಚೆ ಭಾವ ನಿಂಗೆ ಎಂಪಿತ್ರೀ, ವೇವು ಅಂತ ಪಾಠ ಮಾಡಿದ್ರಲ್ಲ, ಅದೂ ರೆಕಾರ್ಡಾಗಿದೆ. ಮಗು ಅದಕ್ಕೇ ಮಲಗಿಬಿಡ್ತು. ಪಕ್ಕದಲ್ಲಿದ್ದ ಇವರೂ ಮಲಗಿಬಿಟ್ರು.”

ಅತ್ತೆಯ ಮುಖ ಅರಳಿತು. “ಹಾಗಾದ್ರೆ ಆ ಪಾಠವನ್ನ ಮಾತ್ರ ಕತ್ತರಿಸಿ, ಎಂಪಿತ್ರೀ ಮಾಡಿ ಇಟ್ಕೋ ಮಗಳೇ,” ಎಂದರು. “ಅಳಿಯಂದಿರ ಮಾತಲ್ಲಿ ಕಳೆದುಹೋಗೋ ಅಂಥದ್ದೇನೂ ಇಲ್ಲ.”