ಶುವೈಖ್ ಗೋದಾಮಿನ ಬ್ರೆಜಿಲ್ ಹುಲಿ

ಕುವೈತಿನಲ್ಲಿ ನೀವು ಯಾವ ದೇಶದವರೆಂದು ಪಾಸ್‌ಪೋರ್ಟ್ ಹೇಳುತ್ತದೆ. ಅಗತ್ಯ ಬಿದ್ದರೆ ಮ್ಯಾನೇಜರ್ ತಿದ್ದುತ್ತಾರೆ. ಇಂಥದ್ದು ಆಗುತ್ತಲೇ ಇರುತ್ತದೆ. ತೊಂಬತ್ತರಲ್ಲಿ, ಯುದ್ಧಕ್ಕೆ ಕೆಲವು ತಿಂಗಳ ಮೊದಲು, ಶುವೈಖ್‌ನ ನಮ್ಮ ಗೋದಾಮಿನ ಸ್ಟೋರ್‌ಕೀಪರ್‌ಗೆ ಆಯಿತು.

ಅರ್ಜಿ

ಆತ ಉಡುಪಿಯವನು. ತಂಗಿಯ ಮದುವೆಗೆಂದು ಬರೆದ ರಜೆ ಅರ್ಜಿ ಮ್ಯಾನೇಜರ್ ಮೇಜಿನ ಮೇಲೆ ಎರಡು ತಿಂಗಳಿಂದ ವಿಶ್ರಾಂತಿ ಪಡೆಯುತ್ತಿತ್ತು. ಅಷ್ಟರಲ್ಲಿ ನಮಗೆ ಕೋಳಿಮಾಂಸ ಕಳಿಸುವ ಬ್ರೆಜಿಲ್ ವ್ಯಾಪಾರಿ ಬರುವ ಸುದ್ದಿ ಬಂತು. ಅತಿಥಿಗೆ ಅವರದೇ ದೇಶದ ಕುಣಿತ ತೋರಿಸಬೇಕೆಂದು ಕಫೀಲರ, ಅಂದರೆ ಕಂಪನಿಯ ಕುವೈತಿ ಯಜಮಾನರ, ಆಸೆ. "ತಂಡ ರೆಡಿ ಉಂಟು" ಎಂದು ಒಪ್ಪಿ ಬಂದ ಮ್ಯಾನೇಜರ್ ಸ್ಟೋರ್‌ಕೀಪರನನ್ನು ಕರೆದರು. ಅವರೂ ಉಡುಪಿಯವರೇ.

"ನೀನು ಊರಲ್ಲಿ ಹುಲಿವೇಷ ಹಾಕ್ತಿದ್ದಿಯಲ್ಲ?"

"ಹೌದು ಸರ್. ಆದ್ರೆ ಅದು ಹುಲಿ."

"ಬಣ್ಣ ಉಂಟು, ಡೋಲು ಉಂಟು, ಮೈಮೇಲೆ ಬಟ್ಟೆ ಕಡಿಮೆ ಉಂಟು. ಅವರದ್ದೂ ಅಷ್ಟೇ ಮಾರಾಯ."

"ನನ್ನ ರಜೆ ಸರ್?"

"ಮೊದಲು ಕುಣಿ."

ತಾಲೀಮು

ಹವಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಎಣ್ಣೆಡಬ್ಬ ಬಡಿದು ತಾಲೀಮು ನಡೆಯಿತು. ಹಳದಿ ಮೈಮೇಲೆ ಕಪ್ಪು ಪಟ್ಟೆಯ ಬದಲು ಹಸಿರು ಪಟ್ಟೆ; ಬ್ರೆಜಿಲ್ ಆಗಲು ಬೇಕಾದದ್ದು ಅಷ್ಟೇ. ಹಿಂದಿನ ವಾರ ನಮ್ಮ ಯಕ್ಷಗಾನದ ಚೆಂಡೆಯನ್ನು "ಖಲಾಸ್!" ಎಂದು ನಿಲ್ಲಿಸಿದ್ದ ಕಟ್ಟಡದ ಕಾವಲುಗಾರ ಮತ್ತೆ ಮೇಲೆ ಬಂದ. "ಬ್ರೆಜಿಲ್" ಎಂದೆವು. ಕೆಳಗೆ ಹೋಗಿ ಕುರ್ಚಿ ತಂದು ಕುಳಿತ.

ಗೇಟು

ಅತಿಥಿ ಬಂದ ಸಂಜೆ ಶರ್ಕ್ ಬಡಾವಣೆಯ ಹೋಟೆಲ್‌ನಲ್ಲಿ ಹುಲಿ ಎಗರಿ ಕುಣಿಯಿತು. ಊರಲ್ಲಿ ಹುಲಿವೇಷ ಬಂದರೆ "ಅಂಗಳ ಬಣ್ಣ ಆಗ್ತದೆ" ಎಂದು ಗೇಟು ಹಾಕಿಸುತ್ತಿದ್ದ ಮ್ಯಾನೇಜರ್ ಮುಂದಿನ ಸಾಲಿನಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಫೀಲರ ಕಣ್ಣು ತುಂಬಿತ್ತು.

ಅತಿಥಿ ಪಕ್ಕದಲ್ಲಿದ್ದ ನನ್ನನ್ನು ಮೆಲ್ಲಗೆ ಕೇಳಿದರು: "ಇದು ಯಾವ ದೇಶದ್ದು?"

"ನಿಮ್ಮದೇ ಸರ್."

"ಇರಬಹುದು. ಬೀದಿಯವರು ಕುಣಿಯುತ್ತಾ ಬಂದರೆ ನಮ್ಮ ತಾಯಿ ಗೇಟು ಹಾಕಿಸುತ್ತಿದ್ದರು. ನಾನು ಸರಿಯಾಗಿ ನೋಡಿಲ್ಲ."

ಟಿಕೆಟ್

ಮರುದಿನ ಮ್ಯಾನೇಜರ್ ಅರ್ಜಿಯ ಮೇಲೆ ಬರೆದರು: "ರಜೆ ಇಲ್ಲ. ಮುಂದಿನ ತಿಂಗಳು ಜಪಾನಿನವರು ಬರುತ್ತಾರೆ."

ಸ್ಟೋರ್‌ಕೀಪರ್ ಸೀದಾ ಕಫೀಲರ ಬಳಿ ಹೋದ. ಗೋದಾಮಿಗೆ ಒಮ್ಮೆಯೂ ಕಾಲಿಡದ ಕಫೀಲರು ಅವನನ್ನು ನೋಡಿದ್ದು ವೇದಿಕೆಯ ಮೇಲೆ ಮಾತ್ರ. "ತಂಗಿಯ ಮದುವೆಯೇ? ಯಲ್ಲಾ, ಹೋಗು!" ಎಂದು ಅಪ್ಪಿಕೊಂಡು, ತಾವೇ ಟಿಕೆಟ್ ತರಿಸಿ ಮ್ಯಾನೇಜರ್ ಎದುರೇ ಕೈಗಿಟ್ಟರು. ಕುವೈತ್‌ನಿಂದ ರಿಯೋಗೆ.

ಮ್ಯಾನೇಜರ್ ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ ಹಸಿರು ಪಟ್ಟೆಯ ಕತೆಯೂ ಬಿಚ್ಚಬೇಕಿತ್ತು. ಸಂಜೆ ಅವರೇ ಟ್ರಾವೆಲ್ಸ್‌ಗೆ ಓಡಿ ಸ್ವಂತ ಜೇಬಿನಿಂದ ಬೊಂಬಾಯಿ ಟಿಕೆಟ್ ತಂದದ್ದು ಆಮೇಲಿನ ಮಾತು. ಓಡಿಸಿದ್ದು ಮಾತ್ರ ಸ್ಟೋರ್‌ಕೀಪರನ ಒಂದೇ ಪ್ರಶ್ನೆ. ಹೊರಗೆ ಬಂದವನು ಟಿಕೆಟನ್ನು ತಿರುಗಿಸಿ ಮುರುಗಿಸಿ ನೋಡಿ ಬಹಳ ವಿನಯದಿಂದ ಕೇಳಿದ್ದ:

"ಸರ್, ರಿಯೋದಿಂದ ಉಡುಪಿಗೆ ಬಸ್ಸುಂಟಾ, ಅಥವಾ ಕಫೀಲರನ್ನೇ ಕೇಳಿ ಬರ್ಲಾ?"