ಅತ್ತೆ ಹೋದಲ್ಲಿಗೆ ನಾನೂ

ನಿಯಮ ಮಾಡುವುದೆಂದರೆ ನನಗೆ ಬಹಳ ಇಷ್ಟ. ಪಾಲಿಸುವವರು ಬೇರೆಯವರಾದರಂತೂ ಕೇಳುವುದೇ ಬೇಡ. ಗಂಗಾವತಿಯ ನಮ್ಮ ಓಣಿಯ ಹೆಂಗಸರು ಗುರುವಾರ ಮಧ್ಯಾಹ್ನ ಕೂಡಿ ಕಥೆ ಓದತೊಡಗಿದಾಗ, ಓದಿದವರು ಆ ಕಥೆಯ ಒಂದು ಮಾತನ್ನು ಒಂದು ವಾರ ನಡೆಸಿ ತೋರಿಸಬೇಕೆಂದು ನಿಯಮ ಮಾಡಿದವಳು ನಾನೇ. ಮೌನದ ಮಹಿಮೆ ಓದಿದ ಪಕ್ಕದ ಮನೆಯ ಶಾಂತಕ್ಕ ಒಂದು ವಾರ ಕೈಸನ್ನೆಯಲ್ಲೇ ಬದನೆಕಾಯಿ ಚೌಕಾಶಿ ಮಾಡಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕವಳೂ ನಾನೇ.

ನಮಗೆ ಗೊತ್ತಿದ್ದ ಕಥೆಗಳೆಲ್ಲ ಮುಗಿದವು. ಉರ್ದು ಸಾಲೆಯ ಶಾಹೀನಾ ಟೀಚರ್, "ಈ ಸಲ ಯೆಹೂದ್ಯರ ಹಳೇ ಗ್ರಂಥದಾಗಿನ ಕಥಿ ಒಂದು ಹಿಡಿಯೂಣ್ರಿ. ಅತ್ತಿ ಸೊಸಿದು ಐತಿ, ಭಾಳ ಛಲೋ ಐತಿ" ಎಂದರು. ಅತ್ತೆ ಸೊಸೆ ಎಂದ ಕೂಡಲೇ ಆ ಗುರುವಾರ ನಮ್ಮ ಪಡಸಾಲೆ ತುಂಬಿಹೋಯಿತು. ಎಂದೂ ಇತ್ತ ಸುಳಿಯದ ನನ್ನ ಅತ್ತೆಯೂ ಬಂದು ಎಲ್ಲರಿಗಿಂತ ಮುಂದೆ ಕೂತರು. ಓದುವ ಪಾಳಿ ನನ್ನದು.

ನಾನಂತೂ ಭಾರೀ ಹುರುಪಿನಲ್ಲಿದ್ದೆ. ಅದಕ್ಕೆ ಕಾರಣ ಕಥೆಯಲ್ಲ. ಮರುದಿನ ಅತ್ತೆ ಎಂಟು ದಿನ ಸಿದ್ದಾಪುರದ ಮಗಳ ಮನೆಗೆ ಹೊರಟಿದ್ದರು. ಎಂಟು ದಿನ ರೊಟ್ಟಿ ಬಡಿಯಬಾರದು, ಖಾನಾವಳಿಯಿಂದಲೇ ಊಟ ತರಿಸಬೇಕು, ಬೆಳಿಗ್ಗೆ ಎಂಟಕ್ಕೆ ಮೊದಲು ಏಳಕೂಡದು. ಈ ಯೋಜನೆಯನ್ನು ಶಾಂತಕ್ಕನಿಗೆ ಮಾತ್ರ ಹೇಳಿದ್ದೆ.

ಕಥೆಯಲ್ಲಿ, ಬರಗಾಲಕ್ಕೆ ಪರದೇಶ ಸೇರಿದ್ದ ಮುದುಕಿ, ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡು ತನ್ನೂರಿಗೆ ಹೊರಡುತ್ತಾಳೆ. ನಿಮ್ಮ ತವರಿಗೆ ಹೋಗಿ ಎಂದು ಸೊಸೆಯರಿಗೆ ಮತ್ತೆ ಮತ್ತೆ ಹೇಳುತ್ತಾಳೆ. ಒಬ್ಬಳು ಅಳುತ್ತ ಹೋಗುತ್ತಾಳೆ. ಇನ್ನೊಬ್ಬಳು ಮಾತ್ರ ಅತ್ತೆ ಹೋದಲ್ಲಿಗೇ ತಾನೂ ಎಂದು ಹಟ ಹಿಡಿಯುತ್ತಾಳೆ. ಆ ಜಾಗ ಬಂದಾಗ ದನಿ ನಡುಗಿಸಿದೆ, ಸಾಲದೆಂದು ನನ್ನ ಅತ್ತೆಯ ಕಡೆಗೆ ಕೈಯನ್ನೂ ಚಾಚಿದೆ. ಶಾಂತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದರು, "ಯಾವ ಮಾತು ನಡಸ್ತೀಯವಾ ಈಗ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಅದೇನ್ ಕೇಳ್ತೀ ಶಾಂತವ್ವಾ, ಕೈ ಚಾಚಿ ಹೇಳ್ಯಾಳಲ್ಲ. ನಾಳಿ ನನ್ನ ಕೂಡ ಸಿದ್ದಾಪುರಕ್ಕ ಬರ್ತಾಳ" ಎಂದರು.

"ಅಲ್ರಿ ಅತ್ತಿ, ಮನ್ಯಾಗ ಇವರ ಊಟ?"

"ಅಂವಾ ಖಾನಾವಳ್ಯಾಗ ಉಣ್ತಾನ ತಗೋ."

ನನ್ನ ಖಾನಾವಳಿ ಗಂಡನ ಪಾಲಾಯಿತು.

ಮರುದಿನ ಉಪ್ಪಿನಕಾಯಿ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆಯ ಪಕ್ಕ ಬಸ್ಸಿನಲ್ಲಿ ಕೂತಿದ್ದೆ. ಆ ಕಥೆಯ ಅತ್ತೆಯಂತೆ ಇವರೂ ಒಂದು ಸಲವಾದರೂ ಹಿಂದಕ್ಕೆ ಹೋಗು ಅಂದಾರು ಎಂದು ಕಾದೇ ಕಾದೆ. ದಾರಿಯಲ್ಲಿ ಮರಳಿ ಎಂಬ ಹಳ್ಳಿಯ ಸ್ಟಾಪು ಬಂದರೂ ಆ ಸುದ್ದಿಯಿಲ್ಲ. ತಡೆಯಲಾಗದೆ, "ಆ ಅತ್ತಿ ಸೊಸಿಗೆ ವಾಪಸ್ ಹೋಗಂತ ಹೇಳಿದ್ಲಲ್ರಿ..." ಎಂದೆ.

"ತನ್ನ ಸೊಸಿ ಹೋಗಂಗಿಲ್ಲಂತ ಆಕಿಗೆ ಗೊತ್ತಿತ್ತು, ಹೇಳಿದ್ಲು. ನಾ ಹೇಳಿದ್ರ ನೀ ಇಲ್ಲೇ ಇಳದುಬಿಡ್ತಿದ್ದಿ!"

ನನಗೆ ನಗು ತಡೆಯಲಾಗಲಿಲ್ಲ. ಅತ್ತೆಗೂ ಅಷ್ಟೆ. ಕಂಡಕ್ಟರ್ ತಿರುಗಿ ನೋಡುವಷ್ಟು ನಕ್ಕೆವು. ಸಿದ್ದಾಪುರ ಹತ್ತಿರ ಬಂದಾಗ ಅತ್ತೆ ನನ್ನ ಮೊಣಕಾಲು ತಟ್ಟಿ ಮೆಲ್ಲಗೆ ಹೇಳಿದರು, "ಅಲ್ಲಿ ರೊಟ್ಟಿ ನನ್ನ ಮಗಳು ಬಡೀತಾಳ. ನೀ ಆರಾಮ ಎಂಟಕ್ಕ ಏಳು."

ಸಂತೋಷದಿಂದ ಕಣ್ಣು ತುಂಬಿತು. ಎಂಟರ ಸುದ್ದಿ ಇವರಿಗೆ ಹೇಗೆ ತಿಳಿಯಿತೆಂದು ಹೊಳೆದದ್ದು ಬಸ್ಸು ಇಳಿದ ಮೇಲೆ. ಶಾಂತಕ್ಕನ ಮೌನ ಯಾವತ್ತೋ ಮುಗಿದಿತ್ತು. ಒಂದೇ ವಾರ ಸಾಕು ಎಂದು ನಿಯಮ ಮಾಡಿದವಳೂ ನಾನೇ ಅಲ್ಲವೇ?